ಮೊಮ್ಮಗನಿಗೆಂದು ಇಟ್ಟ ಲಾವಂಚದ ನೀರು

ಬಾನಿ ಹೊಳೆಯ ದಂಡೆಯ ಆ ಊರಿನಲ್ಲಿ ತೆನೆನ್ ಕೂಲಿಬಾಲಿಯ ಮನೆಯ ನೀರಿಗೆ ಹೆಸರಿತ್ತು. ಚಪ್ಪರದ ಕೆಳಗೆ ಮರಳಿನಲ್ಲಿ ಹೂತಿಟ್ಟ ದೊಡ್ಡ ಮಣ್ಣಿನ ಹರವಿ, ಅದರೊಳಗೆ ಲಾವಂಚದ ಬೇರಿನ ಕಟ್ಟು. ಬಿಸಿಲಲ್ಲಿ ಬಂದವರು ಒಂದು ಸೋರೆ ಬುರುಡೆ ನೀರು ಕುಡಿದರೆ ಹಾದಿಯ ದಣಿವನ್ನೇ ಮರೆಯುತ್ತಿದ್ದರು. ಮೊಮ್ಮಗ ಝಾನ್ ಅಂತೂ ಬಂದವನೇ ಹರವಿಯ ಕಂಠಕ್ಕೆ ಜೋತುಬಿದ್ದು ಮೂಸುತ್ತಿದ್ದ. 'ಅಜ್ಜಿ ನೀರು' ಎಂದು ಅವನೇ ಅದಕ್ಕೆ ಹೆಸರಿಟ್ಟಿದ್ದ.

ಆ ಝಾನ್ ಕಳೆದ ಮಳೆಗಾಲದಿಂದ ಬಂದಿಲ್ಲ. ಆಗ ಬಂದವನಿಗೆ ವಾಂತಿ ಭೇದಿ ಹಿಡಿದು, ಕಣ್ಣು ಗುಳಿಬಿದ್ದು, ಮೋಟಾರ್ ಸೈಕಲ್ಲಿನ ಮೇಲೆ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ದೇವರು ದೊಡ್ಡವನು, ಹುಡುಗ ಉಳಿದ. ಆದರೆ ಮಗಳು ನ್ಯೆಲೆನಿ ಮತ್ತೆ ಅವನನ್ನು ಕರೆತರಲಿಲ್ಲ. ಒಮ್ಮೆ ಸಜ್ಜೆ ಕೊಯ್ಲು ಎಂದಳು, ಒಮ್ಮೆ ಅತ್ತೆಗೆ ಹುಷಾರಿಲ್ಲ ಎಂದಳು. ತೆನೆನ್ ಮಾತ್ರ ಪ್ರತಿ ಸಂತೆಯ ದಿನ ಬೇರು ಬದಲಿಸಿ, ಹೊಸ ನೀರು ತುಂಬಿ, ಬಾಗಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಸಂಜೆ ಆ ನೀರನ್ನು ಮೊಗೆದು ಕೋಳಿಗಳಿಗೆ ಹಾಕುತ್ತಿದ್ದಳು.

ಒಂದು ಸಂತೆಯ ದಿನ ಆರೋಗ್ಯ ಕಾರ್ಯಕರ್ತೆ ಸಿತಾನ್ ಕೆಯಿತಾ ಬಂದಳು. ಆ ಸೀಮೆಯಲ್ಲಿ ಕೂಲಿಬಾಲಿ ಕುಲದವರೂ ಕೆಯಿತಾ ಕುಲದವರೂ ಎದುರಾದರೆ ಬೈದಾಡಿಕೊಳ್ಳಲೇಬೇಕು. ಬೈದರೆ ಸಿಟ್ಟಾಗುವಂತಿಲ್ಲ. ಅದು ಹಿರಿಯರ ಕಾಲದ ಸಲಿಗೆ.

"ಏನೇ ಅಲಸಂದೆ ಮುಕ್ಕೋ ಮುದುಕಿ, ಇನ್ನೂ ಬದುಕಿದ್ದೀಯಾ?"

"ನಿನ್ನ ಮಣ್ಣು ಮಾಡಿ ಹೋಗೋಣ ಅಂತ ಕಾಯ್ತಿದ್ದೀನಿ. ಅಲಸಂದೆ ನಮ್ಮನೇಲಿ ಎಲ್ಲಿ ಉಳಿಯುತ್ತೆ, ನಿಮ್ಮ ಕೆಯಿತಾ ಜನ ಬಂದು ಗಡಿಗೆ ನೆಕ್ಕಿ ಹೋಗ್ತೀರಲ್ಲ. ಕೂತ್ಕೋ, ನೀರು ಕುಡಿ."

ಸಿತಾನ್ ಬುರುಡೆ ತೆಗೆದುಕೊಂಡಳು, ಮೂಸಿದಳು, ಕುಡಿಯದೆ ಕೆಳಗಿಟ್ಟಳು.

"ಯಾಕೆ, ವಿಷ ಹಾಕಿದ್ದೀನಾ?"

"ಹೆಂಗಸರ ಸಂಘದಿಂದ ನೀರಿನ ಫಿಲ್ಟರ್ ತಗೊಂಡ್ಯಲ್ಲ, ಎಲ್ಲಿ?"

ಮೂಲೆಯಲ್ಲಿತ್ತು. ನಲ್ಲಿಯಿದ್ದ ಬಕೆಟ್, ಅದರ ಬಾಯಿಗೆ ಕೂರಿಸಿದ ಮಣ್ಣಿನ ಮಡಕೆ; ಮೇಲೆ ಮಡಕೆಗೆ ಸುರಿದ ನೀರು ಸೋಸಿ ಕೆಳಗೆ ಬಕೆಟ್ಟಿಗೆ ಇಳಿಯುತ್ತಿತ್ತು.

"ದಿನಾ ಸೋಸ್ತೀನಿ ಕಣೇ. ಸೋಸಿದ್ದನ್ನ ಹರವಿಗೆ ಹಾಕ್ತೀನಿ. ಆ ಬಕೆಟ್ ನೀರಿಗೇನು ರುಚಿ ಇದೆ? ಬರೀ ಸಪ್ಪೆ. ನನ್ನ ಝಾನ್‌ಗೆ ಘಮ ಬೇಕು."

"ಹರವಿ ತೊಳೆದು ಎಷ್ಟು ಕಾಲ ಆಯ್ತು?"

"ಹೂತಿಟ್ಟಿದ್ದನ್ನ ಯಾರು ಕಿತ್ತು ತೊಳೀತಾರೆ?"

"ಬುರುಡೆ ಯಾರ್ಯಾರು ಅದ್ದುತ್ತಾರೆ?"

"ಬಂದೋರೆಲ್ಲ. ನಮ್ಮವ್ವನ ಕಾಲದಿಂದ ಹೀಗೇ. ನಾವೇನು ಸತ್ತಿದ್ದೀವಾ?"

ಸಿತಾನ್ ನಗಲಿಲ್ಲ. "ನೋಡು ತೆನೆನ್, ನಾನು ಕೆಯಿತಾ. ಏನಂದ್ರೂ ನೀನು ಸಿಟ್ಟಾಗೋ ಹಾಗಿಲ್ಲ. ಸೋಸಿದ ನೀರನ್ನ ನೀನೇ ಮತ್ತೆ ಕೊಳೆ ಮಾಡ್ತಿದ್ದೀಯ. ಹುಡುಗನಿಗೆ ಕಾಯಿಲೆ ಬಂದದ್ದೂ ಈ ಹರವಿಯಿಂದಲೇ ಇರಬೇಕು. ನ್ಯೆಲೆನಿಗೆ ಅದೇ ಭಯ. ಹೆತ್ತವ್ವನಿಗೆ ನಿನ್ನ ನೀರು ಬೇಡ ಅಂತ ಯಾವ ಬಾಯಲ್ಲಿ ಹೇಳ್ತಾಳೆ? ಅದಕ್ಕೇ ಸಜ್ಜೆ ಕೊಯ್ಲು, ಅತ್ತೆ ಕಾಯಿಲೆ."

ಸಿತಾನ್ ಕುಡಿಯದೆ ಇಟ್ಟ ಬುರುಡೆಯನ್ನು ತೆನೆನ್ ತನ್ನ ಹತ್ತಿರ ಎಳೆದುಕೊಂಡಳು.

"ಅವನಿಗೆ ಅಂತಲೇ ಇಟ್ಟ ನೀರು ಕಣೇ ಅದು" ಎಂದಳು.

"ಗೊತ್ತು."

"ಘಮ ಇಲ್ಲದಿದ್ರೆ ಇದು ಅಜ್ಜಿ ಮನೆ ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ?"

"ಬೇರು ಬಿಡು ಅಂತ ಯಾರಂದ್ರು? ತೊಳೆದು ಮೇಲಿನ ಮಡಕೆಗೆ ಹಾಕು, ಸೋಸೋಕೆ ಮುಂಚೆ. ಕೊಳೆ ಮೇಲೇ ಉಳಿಯುತ್ತೆ, ಘಮ ಒಂಚೂರಾದ್ರೂ ಇಳಿಯುತ್ತೆ. ಕೆಳಗಿನ ನೀರಿಗೆ ಏನೂ ಹಾಕಬೇಡ, ಕೈ ಅದ್ದಬೇಡ. ನಲ್ಲಿಯಿಂದ ನೇರ ತೊಳೆದ ಲೋಟಕ್ಕೆ ಬಿಡು. ನೀರು ನಿಧಾನ ಆದ್ರೆ ಮಡಕೆನ ಬ್ರಷ್‌ನಿಂದ ಉಜ್ಜು. ಸೋಪು ಮಾತ್ರ ಮುಟ್ಟಿಸಬೇಡ."

"ಇಷ್ಟು ಹೇಳೋಕೆ ನಿನಗೆ ಇಷ್ಟು ದಿನ ಬೇಕಾಯ್ತಾ, ಸೋಮಾರಿ ಕೆಯಿತಾ?"

ಅಂದೇ ಸಂಜೆ ತೆನೆನ್ ಹರವಿಯನ್ನು ಕೀಳಿಸಿದಳು. ಅದು ಅವಳ ತಾಯಿ ಇಟ್ಟ ಹರವಿ. ಮರಳಿನಲ್ಲಿ ಉಳಿದ ಗುಳಿಯನ್ನು ಅವಳು ತನ್ನ ಕೈಯಾರೆ ಮುಚ್ಚಿದಳು. ಮರುದಿನ ಮಗಳ ಊರಿನ ಕಡೆ ಹೊರಟ ಗಾಡಿಯವನಿಗೆ ಹೇಳಿದಳು: "ಹರವಿ ತೆಗೆದಿದ್ದೀನಿ ಅಂತ ನ್ಯೆಲೆನಿಗೆ ಹೇಳಪ್ಪ. ಅಷ್ಟು ಹೇಳಿದ್ರೆ ಸಾಕು."

ಸಂತೆಗಳು ಕಳೆದವು. ತೆನೆನ್ ಮೇಲಿನ ಮಡಕೆಗೆ ಬೇರು ಹಾಕುವುದನ್ನೂ ಬಿಡಲಿಲ್ಲ, ದಾರಿ ನೋಡುವುದನ್ನೂ ಬಿಡಲಿಲ್ಲ. ಕೊನೆಗೊಂದು ಸಂತೆಯ ದಿನ ಗಾಡಿಯಿಂದ ನ್ಯೆಲೆನಿ ಇಳಿದಳು, ಹಿಂದೆಯೇ ಝಾನ್ ಹಾರಿದ. ಓಡಿಬಂದವನು ಚಪ್ಪರದ ಕೆಳಗೆ ಹರವಿ ಕಾಣದೆ ಮುಖ ಸಣ್ಣದು ಮಾಡಿಕೊಂಡು ನಿಂತ.

ತೆನೆನ್ ಕೈ ತೊಳೆದು, ನಲ್ಲಿ ತಿರುಗಿಸಿ, ಲೋಟ ತುಂಬಿಸಿ ಕೊಟ್ಟಳು. ಹುಡುಗ ಮೂಗು ಒಳಗಿಟ್ಟು ಮೂಸಿದ.

"ಕಮ್ಮಿ ಇದೆ" ಎಂದ.

ಅವನು ಮತ್ತೊಮ್ಮೆ ಮೂಸಿ, "ಆದ್ರೆ ಅಜ್ಜಿ ನೀರೇ" ಎಂದು ಗಟಗಟ ಕುಡಿದ.

ನ್ಯೆಲೆನಿ ಇಷ್ಟು ಹೊತ್ತೂ ನಿಂತೇ ಇದ್ದಳು. ಈಗ ಚಾಪೆಯ ಮೇಲೆ ಕೂತು ಕೈ ಚಾಚಿದಳು. "ಅವ್ವಾ, ನನಗೂ ಕೊಡು."

ಅಕ್ಕಂದಿರೇ, ನೀವೂ ಯಾರಿಗೋ ಎಂದು ನೀರು ತುಂಬಿಟ್ಟಿರುತ್ತೀರಿ. ಸೋಸಿದ ನೀರನ್ನು ತೆರೆದ ಪಾತ್ರೆಗೆ ಮತ್ತೆ ಸುರಿಯಬೇಡಿ. ಕೈ, ಬುರುಡೆ ಅದ್ದಬೇಡಿ. ಮುಚ್ಚಿಡಿ, ನಲ್ಲಿಯಿಂದಲೇ ತೊಳೆದ ಲೋಟಕ್ಕೆ ಬಿಟ್ಟು ಕುಡಿಯಿರಿ. ನಿಮ್ಮ ಮನೆಗೆ ಬರುವುದನ್ನು ಯಾರಾದರೂ ನಿಲ್ಲಿಸಿದ್ದರೆ, ಇವತ್ತೇ ಎದ್ದು ಒಮ್ಮೆ ನಿಮ್ಮ ಹರವಿಯೊಳಗೆ ಇಣುಕಿ ನೋಡಿ.