ಚಹಾ ಮುಟ್ಟದ ಡಾಕ್ಟರು

ಮೂಡಲಗಿಯ ಡಾಕ್ಟರ್ ಗುರುಲಿಂಗಪ್ಪನವರು ಎದುರಾದವರ ಕ್ಷೇಮಸಮಾಚಾರ ಕೇಳುತ್ತಿರಲಿಲ್ಲ, ಮೂತ್ರ ಕೇಳುತ್ತಿದ್ದರು. ತಲೆನೋವೆಂದು ಹೋದವನಿಗೂ, ಮಗಳ ಲಗ್ನಕ್ಕೆ ಕರೆಯಲು ಹೋದವನಿಗೂ ಮೊದಲು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವರು. ಪಾದರಸ ಮೇಲೇರಿ ನಿಂತಿತೋ, ಅವನ ಕೈಗೆ ಖಾಲಿ ಶೀಸೆ ಬಂತೆಂದೇ ಲೆಕ್ಕ. ವೈಶಾಖದ ಬಿಸಿಲಲ್ಲೂ ಬಿಚ್ಚದ ಅವರ ಕಂದು ಕೋಟಿನ ಜೇಬಿನಲ್ಲಿ, ಉಳಿದವರು ಪೆನ್ನು ಸಿಕ್ಕಿಸುವ ಜಾಗದಲ್ಲಿ, ಮೂತ್ರ ಕಾಯಿಸುವ ಗಾಜಿನ ನಳಿಕೆ ಇರುತ್ತಿತ್ತು. ಊರವರು ಅವರಿಗಿಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಅದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಅವರೇ.

ಈ ಹಟ ಹುಟ್ಟಿದ್ದು ಮಸಗುಪ್ಪಿಯ ನಮ್ಮ ಸೋದರಮಾವ ಅಣ್ಣಪ್ಪನ ಸಾವಿನಿಂದ. ಚಕ್ಕಡಿಯಲ್ಲಿ ಮಲಗಿಸಿ ಡಾಕ್ಟರ ಬಳಿಗೆ ತಂದಾಗ ಅವನ ಮುಖ ಬಾತುಹೋಗಿತ್ತು. ವರ್ಷಗಟ್ಟಲೆ ಏರಿ ಕೂತಿದ್ದ ರಕ್ತದೊತ್ತಡ ಸದ್ದಿಲ್ಲದೆ ಅವನ ಮೂತ್ರಪಿಂಡಗಳನ್ನು ತಿಂದುಹಾಕಿತ್ತು. ಡಾಕ್ಟರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕರ್ನಾಟಕ ಒಂದಾದ ಹೊಸತರಲ್ಲಿ ಅಣ್ಣಪ್ಪನ ತಂಗಿ, ನಮ್ಮ ಚಿಗವ್ವ ಯಮನವ್ವ, ಮೊಣಕಾಲು ನೋವೆಂದು ಹೋದಾಗ ಅವಳ ಒತ್ತಡವೂ ಏರಿದ್ದನ್ನು ಕಂಡು ಅವರು ಬೆಚ್ಚಿದರು. ಶೀಸೆ ಕೊಟ್ಟು ಕಳಿಸಿದರು.

ಮನೆಗೆ ಬಂದರೆ ಉಂಡುಹೋಗುವ ದೊಡ್ಡ ಮನುಷ್ಯನಿಗೆ ಅಂಥದ್ದನ್ನು ಕಳಿಸುವುದು ಹೇಗೆ? ಚಿಗವ್ವ ಬಾವಿಯ ನೀರಿಗೆ ಚಿಟಿಕೆ ಅರಿಷಿಣ ಕದಡಿ, ಶೀಸೆಯ ಬಾಯಿಗೆ ಬಟ್ಟೆ ಬಿಗಿದು, ಸಾಲಿ ಮಾಸ್ತರನಾಗಿದ್ದ ನನ್ನ ಕೈಗಿತ್ತಳು. ಏನೂ ಅರಿಯದ ನಾನು ಬಲು ಗಾಂಭೀರ್ಯದಿಂದ ಅದನ್ನು ಮೂಡಲಗಿಗೆ ಒಯ್ದೆ. ಡಾಕ್ಟರು ಮೂಸಿ ನೋಡಿದರು.

"ಮಾಸ್ತರ, ಇದಕ್ಕ ಒಗ್ಗರಣಿ ಒಂದು ಕಡಿಮಿ ಆಗೈತಿ ನೋಡ್ರಿ" ಎಂದವರೇ ಸೈಕಲ್ ಹೊರತೆಗೆದರು.

ಮಸಗುಪ್ಪಿಯಲ್ಲಿ ಚಿಗವ್ವನ ಕಟ್ಟೆಯ ಮೇಲೆ ಕೂತವರು ಅವಳು ತಂದಿಟ್ಟ ಚಹಾ ಮುಟ್ಟಲಿಲ್ಲ, ನೀರನ್ನೂ ಮುಟ್ಟಲಿಲ್ಲ. ಶೀಸೆ ತುಂಬಿ ಬರುವವರೆಗೆ ಏಳುವುದಿಲ್ಲವೆಂದರು. ನಮ್ಮ ಕಡೆ ಮನೆಗೆ ಬಂದವರು ಚಹಾ ಬಿಟ್ಟು ಕೂತರೆ ಆ ಮನೆಯ ಮಾನ ಹೋಯಿತೆಂದೇ ಅರ್ಥ. ದಾರಿಹೋಕರು ನಿಂತು ನೋಡತೊಡಗಿದರು. ಚಿಗವ್ವನಿಗೆ ಜೀವ ಹಿಡಿಯಷ್ಟಾಯಿತು.

"ನನಗೇನ ಆಗೈತ್ರಿ ಡಾಕ್ಟರ? ದಿನಾ ಹೊಲಕ್ಕ ಹೋಗತೇನಿ, ಬರತೇನಿ."

"ಏನೂ ಆಗಿಲ್ಲ ಯಮನವ್ವಾ, ಅದಕ್ಕ ಈಗ ಬಂದೇನಿ. ಅಣ್ಣಪ್ಪ ಆದಮ್ಯಾಲೆ ಬಂದಿದ್ದ."

ಅವಳು ಶೀಸೆ ಹಿಡಿದು ಹಿತ್ತಿಲಿಗೆ ನಡೆದಳು.

ಡಾಕ್ಟರು ಅಂಗಳದಲ್ಲೇ ಸ್ಪಿರಿಟ್ ದೀಪ ಹಚ್ಚಿ, ನಳಿಕೆ ಕಾಯಿಸಿ, ನಾಲ್ಕು ಹನಿ ಆಮ್ಲ ಹಾಕಿದರು. ಒಳಗೆ ತೆಳ್ಳಗೆ ಬಿಳಿ ಮಬ್ಬು ಕವಿಯಿತು, ಕರಗಲಿಲ್ಲ.

"ಹಾಲು ಒಡದಂಗ ಆತಲ್ರಿ" ಎಂದಳು ಚಿಗವ್ವ, ದನಿ ಇಳಿಸಿ.

"ಮೂತ್ರಪಿಂಡ ಸೋರಾಕ ಸುರು ಆಗೈತಿ. ಆದರ ಅಣ್ಣಪ್ಪಂದು ಗಟ್ಟಿ ಮೊಸರಾಗಿತ್ತು, ನಿಮ್ಮದು ಇನ್ನೂ ಎಳೀದು. ಗುಳಿಗಿ ತಪ್ಪಿಸಬ್ಯಾಡ್ರಿ, ಉಪ್ಪಿನಕಾಯಿ, ಹಪ್ಪಳ ಇವತ್ತಿಂದ ಬಂದ್." ಇಷ್ಟು ಹೇಳಿ, ಆರಿ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಆಮೇಲೆ ಚಿಗವ್ವ ತಿಂಗಳಿಗೊಮ್ಮೆ ಶೀಸೆ ಕಳಿಸಿದಳು, ಅರಿಷಿಣವಿಲ್ಲದ್ದು. ಮಬ್ಬು ದಟ್ಟವಾಗಲಿಲ್ಲ. ಸಪ್ಪನೆಯ ಪಲ್ಯ ತಿನ್ನುತ್ತ, ಡಾಕ್ಟರನ್ನು ಹೊತ್ತುಹೊತ್ತಿಗೆ ಬೈಯುತ್ತ, ಮೊಮ್ಮಕ್ಕಳ ಲಗ್ನದಲ್ಲಿ ಅವರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿದಳು. ಈ ಬಗೆಯ ಮನುಷ್ಯರೇ ಹಾಗೆ. ಬೇನೆಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕೂತು, ನೆಮ್ಮದಿಯಾಗಿದ್ದವರ ನೆಮ್ಮದಿ ಕೆಡಿಸುತ್ತಾರೆ. ಬಾರದೆ ಹೋದ ಕೇಡಿಗಾಗಿ ಅವರನ್ನು ಹೊಗಳುವುದು ಯಾರಿಗೂ ಹೊಳೆಯುವುದಿಲ್ಲ. ಆದರೆ ಅವರನ್ನು ಬೈಯುವುದಕ್ಕೆ ನಾವು ಬದುಕಿ ಉಳಿದಿರುತ್ತೇವೆ. ಅವರಿಗೆ ಬೇಕಾಗಿದ್ದುದೂ ಅಷ್ಟೇ.