ಫ್ಲಾಸ್ಕಿನ ಮುಚ್ಚಳ

ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ವಾನಸ್‌ಗೆ ನಾಲ್ಕು ವರ್ಷ ನಿಷೇಧ ಎಂಬ ಸುದ್ದಿ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಅವನ ಸೈಕಲ್ ತಂಡದ ಉಳಿದವರೆಲ್ಲ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದಾಗ. ಏಳು ಜನರ ಏಳು ಫೋನೂ ಒಟ್ಟಿಗೇ ಗುಯ್‌ಗುಟ್ಟಿದವು. ಏಳೂ ಜನ ಓದಿದರು, ಏಳೂ ಜನ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ಆಮೇಲೆ ಯಾರೋ ಒಬ್ಬ, "ಆ ಜೇನಿನ ಬಾಟಲಿ ಈ ಕಡೆ ತಳ್ಳೋ" ಅಂದ. ತಂಡದವರು ವಾನಸ್ ಬಗ್ಗೆ ಆಡಿದ ಮಾತು ಅಷ್ಟೇ.

ದಿನಕ್ಕೆ ನಲವತ್ತು ಸಲ ಬಡಿದುಕೊಳ್ಳುತ್ತಿದ್ದ ಅವರ ವಾಟ್ಸಾಪ್ ಗುಂಪು ಅವತ್ತು ಸತ್ತಂತೆ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಅದರಿಂದ ವಾನಸ್‌ನ ಹೆಸರೂ ಮಾಯ. ತೆಗೆದವನು ಯಾರು ಎಂದು ಯಾರೂ ಕೇಳಲಿಲ್ಲ. ಮೂರು ಗಂಟೆಗೆ, "ನಾಳೆ ಬಸ್ಸು ಏಳಕ್ಕೆ" ಎಂದು ಬಂತು. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಸುಮ್ಮನಿರಿ ಎಂದು ಅವರಿಗೆ ಯಾರಾದರೂ ಹೇಳಿದ್ದರೇ? ಇಲ್ಲ, ದೇವರಾಣೆಗೂ ಇಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇದ್ದೇ ಇರುತ್ತಾರೆ. ಇಲ್ಲಿ ಹೆಗಲ ಮೇಲೆ ಏನೂ ಇಲ್ಲದವರೂ ಮುಟ್ಟಿ ನೋಡಿಕೊಂಡರು. ವಾನಸ್‌ನನ್ನು ಬೈದರೆ, "ಇಷ್ಟು ದಿನ ಒಂದೇ ಮೇಜಲ್ಲಿ ಉಂಡೆಯಲ್ಲ, ಆಗ ಗೊತ್ತಿರಲಿಲ್ವಾ?" ಎಂದು ಪತ್ರಿಕೆಯವರು ಕೇಳುತ್ತಾರೆ. ಅಯ್ಯೋ ಪಾಪ ಎಂದರೆ, "ಓಹೋ, ಇವನೂ ಅದೇ ಗಿರಾಕಿ" ಅನ್ನುತ್ತಾರೆ. ಎರಡಕ್ಕಿಂತ ಜೇನು ಕೇಳುವುದು ಸುಲಭ.

ಆ ಏಳು ಜನರಲ್ಲಿ ಲ್ಯಾಂಡರ್‌ನ ಕಥೆ ಬೇರೆ. ಅವನ ಹೆಗಲ ಮೇಲೆ ನಿಜಕ್ಕೂ ಕುಂಬಳಕಾಯಿ ಇತ್ತು.

ನಾಲ್ಕು ವರ್ಷದಿಂದ ಅವನೂ ವಾನಸ್ಸೂ ಒಂದೇ ಕೋಣೆಯವರು. ವಾನಸ್‌ನ ಬಳಿ ಒಂದು ನೀಲಿ ಫ್ಲಾಸ್ಕು. ಅಮ್ಮ ಮಾಡಿದ ಕೋಳಿ ಸೂಪು ಅನ್ನುತ್ತಿದ್ದ. ಎರಡು ವರ್ಷದ ಹಿಂದೆ ಕಲ್ಲುಹಾಸಿನ ದಾರಿಯಲ್ಲಿ ಬಿದ್ದು ಅವನ ಬಲಮಣಿಕಟ್ಟಿಗೆ ಲೋಹದ ಪಟ್ಟಿ ಹಾಕಿದ್ದರು. ಅಂದಿನಿಂದ ಯಾವ ಮುಚ್ಚಳವನ್ನೂ ಪೂರ್ತಿ ತಿರುಗಿಸಲು ಅವನಿಂದ ಆಗುತ್ತಿರಲಿಲ್ಲ. ಫ್ಲಾಸ್ಕನ್ನು ಮಗುವಿನಂತೆ ನೆಟ್ಟಗೆ ಹಿಡಿದುಕೊಂಡೇ ಬಸ್ ಹತ್ತುತ್ತಿದ್ದ. "ಲೋ, ಸೂಪು ನಿನಗೋ ನಿನ್ನ ಚೀಲಕ್ಕೋ?" ಎಂದು ಹುಡುಗರು ರೇಗಿಸುತ್ತಿದ್ದರು.

ಫೆಬ್ರವರಿಯಲ್ಲಿ, ಸ್ಪೇನಿನ ಶಿಬಿರಕ್ಕೆ ಬಂದಿಳಿದ ದಿನ, ವಾನಸ್ ಸ್ನಾನಕ್ಕೆ ಹೋಗಿದ್ದಾಗ ಲ್ಯಾಂಡರ್‌ಗೆ ಹಸಿವಾಯಿತು. ಒಂದು ಗುಟುಕು ಸೂಪಿಗೆಂದು ಮುಚ್ಚಳ ತೆಗೆದ. ಒಳಗೆ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ಬೆರಳುದ್ದದ ನಾಲ್ಕು ಗಾಜಿನ ಶೀಶೆ. ನೋಡಿದ, ಮುಚ್ಚಿದ, ಇದ್ದಲ್ಲೇ ಇಟ್ಟ. ವಾನಸ್ ತಲೆ ಒರೆಸಿಕೊಳ್ಳುತ್ತ ಬಂದಾಗ, "ಕಿಟಕಿ ಹಾಕ್ಲಾ? ಚಳಿ" ಎಂದು ಲ್ಯಾಂಡರ್ ಕೇಳಿದ.

ಏಪ್ರಿಲ್‌ನಲ್ಲಿ ಲ್ಯಾಂಡರ್ ಒಂದು ಪಂದ್ಯ ಗೆದ್ದ. ಹನ್ನೊಂದು ವರ್ಷದಲ್ಲಿ ಅದೊಂದೇ ಗೆಲುವು. ಕೊನೆಯ ನಲವತ್ತು ಕಿಲೋಮೀಟರ್ ಅವನ ಮುಂದೆ ಸೈಕಲ್ ಓಡಿಸಿ ಎದುರುಗಾಳಿಯನ್ನೆಲ್ಲ ತಿಂದವನು ವಾನಸ್. ಇವನು ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬಂದು, ಕೊನೆಯ ಇನ್ನೂರು ಮೀಟರಿನಲ್ಲಿ ಹೊರಬಿದ್ದು ಕೈ ಎತ್ತಿದ. ಆ ಕಾಲುಗಳಲ್ಲಿ ಏನು ಓಡುತ್ತಿತ್ತು ಎಂದು ಅವನಿಗೆ ಗೊತ್ತಿತ್ತು.

ಈಗ ಸೆಪ್ಟೆಂಬರ್. ವಾನಸ್‌ನ ತಾಯಿ ಗೋಡೆಲೀವಳದು ವೆಲ್ಡೆಗಮ್ ಎಂಬ ಊರಿನ ಚರ್ಚಿನ ಎದುರಿಗೇ ಕೆಫೆ. ಮಗನ ಅಭಿಮಾನಿ ಸಂಘದ ಠಿಕಾಣಿಯೂ ಅದೇ. ಪ್ರತಿ ವರ್ಷ ಸೆಪ್ಟೆಂಬರಿನ ಕೊನೆಯ ಭಾನುವಾರ ಸಂಘದ ಊಟ. ತಂಡದವರು ತಪ್ಪದೆ ತಂಡದ ಅಂಗಿ ತೊಟ್ಟು ಬಂದು ಉದ್ದ ಮೇಜಿನಲ್ಲಿ ಕೂರಬೇಕು. ಈ ಸಲವೂ ಅವಳು ಎಲ್ಲರಿಗೂ ಕಳಿಸಿದಳು: "ಭಾನುವಾರ ಊಟ, ಎಂದಿನ ಹಾಗೆ. ಏಳು ತಟ್ಟೆ ಇಡ್ತೀನಿ." ಒಬ್ಬನೂ ಉತ್ತರ ಬರೆಯಲಿಲ್ಲ.

"ನೀನೇನಾದ್ರೂ ಹೋಗೋ ಪೈಕಿನಾ?" ಎಂದು ಮಾಲೀಶಿನ ಮೇಜಿನ ಮೇಲೆ ಲ್ಯಾಂಡರ್‌ನ ತೊಡೆ ತಿಕ್ಕುತ್ತ ಒಡೀಲ್ ಕೇಳಿದ. ಮೂವತ್ತು ವರ್ಷದಿಂದ ಸವಾರರ ಕಾಲು ತಿಕ್ಕಿದ ಮುದುಕ ಅವನು.

"ನೋಡ್ಬೇಕು."

"ನೋಡೋದೇನು? ಗುಂಪಲ್ಲಿ ಓಡಿಸ್ತಾ ಬ್ರೇಕ್ ಹಿಡಿದವನು ತಾನೂ ಬೀಳ್ತಾನೆ, ಹಿಂದಿನ ಹತ್ತು ಜನಾನೂ ಕೆಡವ್ತಾನೆ. ತೆಪ್ಪಗೆ ತುಳೀತಾ ಇರು ಕಣಪ್ಪ."

"ನಿಂಗೆ ಗೊತ್ತಿತ್ತಾ, ಒಡೀಲ್?"

ಮುದುಕ ಎಣ್ಣೆ ಬಾಟಲಿ ಅಲುಗಿಸಿದ. "ಇನ್ನೊಂದು ಕಾಲು ಕೊಡು" ಎಂದ.

ಲ್ಯಾಂಡರ್ ಹೋದ. ಧೈರ್ಯದಿಂದ ಹೋದ ಎಂದರೆ ಸುಳ್ಳಾಗುತ್ತದೆ. ನಾಲ್ಕು ವರ್ಷ ಆ ಹೆಂಗಸಿನ ಕೈಯಡುಗೆ ಉಂಡಿದ್ದ. ಹೋಗದೆ ಇರಲು ನಾಚಿಕೆಯಾಯಿತು.

ಕೆಫೆಯಲ್ಲಿ ಮೂವತ್ತು ಜನರಿದ್ದರು. ಹೋದ ವರ್ಷ ನೂರಿಪ್ಪತ್ತು ಇದ್ದರು. ಉದ್ದ ಮೇಜಿನ ಮೇಲೆ ಏಳು ತಟ್ಟೆ. ಗೋಡೆಯ ಮೇಲೆ ಏಪ್ರಿಲ್‌ನ ದೊಡ್ಡ ಫೋಟೋ: ಮುಂದೆ ಲ್ಯಾಂಡರ್ ಕೈ ಎತ್ತಿದ್ದಾನೆ, ಹಿಂದೆ ವಾನಸ್ ಅವನಿಗಿಂತ ಹೆಚ್ಚು ನಗುತ್ತಿದ್ದಾನೆ.

"ಬಂದ್ಯಾ, ನನ್ನಪ್ಪ!" ಗೋಡೆಲೀವ ಎರಡೂ ಕೈಯಿಂದ ಅವನ ಕೆನ್ನೆ ಹಿಡಿದಳು. ಅವಳ ಕಣ್ಣು ಕೆಂಪಾಗಿತ್ತು. "ಉಳಿದ ಆರು ಗಂಡಸರು ಎಲ್ಲಿ? ಹೊಟ್ಟೆನೋವಂತಾ?"

"ಬಿಡಿ, ಗೋಡೆಲೀವಮ್ಮ. ವಾನಸ್ ಎಲ್ಲಿ?"

"ಮೇಲೆ. ಮೂರು ವಾರ ಆಯ್ತು, ಕೆಳಗೆ ಇಳಿದಿಲ್ಲ. ಮಾಡಿದೆ ಅಂತಾನೂ ಅನ್ನಲ್ಲ, ಮಾಡಿಲ್ಲ ಅಂತಾನೂ ಅನ್ನಲ್ಲ. ಯಾರೋ ಆಗದವರು ನೀರಿಗೆ ಬೆರೆಸಿದ್ದಾರೆ ಕಣೋ, ನಂಗೊತ್ತು. ನಮ್ಮಕ್ಕ ಹಾಗಲ್ಲ ಅಂದ್ಲು. ಅವಳ ಮುಖ ನೋಡಲ್ಲ ಅಂತ ಹೇಳಿ ಕಳಿಸಿದೀನಿ. ಇಡೀ ಬೀದಿ ಜೊತೆ ಜಗಳ ಆಡಿದೀನಿ." ಅವಳು ದನಿ ತಗ್ಗಿಸಿದಳು. "ಊಟ ಆದ್ಮೇಲೆ ನೀನು ಎದ್ದು ನಿಂತು ಒಂದು ಮಾತು ಹೇಳಬೇಕು. ನಾಲ್ಕು ವರ್ಷ ಜೊತೇಲಿ ಮಲಗಿದೀನಿ, ಅವನು ಅಂಥವನಲ್ಲ ಅಂತ. ನೀನು ಹೇಳಿದ್ರೆ ನಂಬ್ತಾರೆ. ಸಾಕು ನಂಗೆ. ಒಂದೇ ಮಾತು."

ಸಂಘದ ಅಧ್ಯಕ್ಷ ಆಖೀಲ್ ಆಗಲೇ ಎಲ್ಲರಿಗೂ ಸಾರಿಬಿಟ್ಟಿದ್ದ. "ಲ್ಯಾಂಡರ್ ಮಾತಾಡ್ತಾನೆ!" ಎಂದು ಬಿಯರ್ ಲೋಟ ಎತ್ತಿ ಕೂಗಿದ. ಜನ ಮೇಜು ಬಡಿದರು. ಇಬ್ಬರು ಫೋನು ಎತ್ತಿ ಫೋಟೋ ತೆಗೆದರು.

ಬಿಯರಿನಲ್ಲಿ ಬೆಂದ ಮಾಂಸ, ಕರಿದ ಆಲೂಗಡ್ಡೆ ಮುಂದೆ ಬಂತು. ಆರು ಖಾಲಿ ತಟ್ಟೆಗಳ ಮುಂದೆ ಒಬ್ಬನೇ ಕೂತ ಲ್ಯಾಂಡರ್‌ಗೆ ಆ ಆರು ಜನರ ಮೇಲೆ ಹೊಟ್ಟೆಕಿಚ್ಚಾಯಿತು. ಬಾರದೆ ಬಚಾವಾದರು ನನ್ನ ಮಕ್ಕಳು! ಒಂದು ಸುಳ್ಳು ಹೇಳಿದರೆ ಈ ತಾಯಿ ಸಾಯುವವರೆಗೂ ಬೀದಿಯೊಂದಿಗೆ ಕಾದಾಡುತ್ತಾಳೆ. ನಿಜ ಹೇಳಿದರೆ ಅವಳಿಗೆ ಮಗನೂ ಹೋದ, ಇವನಿಗೆ ಏಪ್ರಿಲೂ ಹೋಯಿತು. ತಟ್ಟೆ ಹಿಡಿದು ಎದ್ದು ಅಡುಗೆಮನೆಗೆ ಹೋದ.

ಗೋಡೆಲೀವ ಎರಡನೇ ಸಲಕ್ಕೆ ಆಲೂಗಡ್ಡೆಯನ್ನು ಎಣ್ಣೆಗೆ ಬಿಡುತ್ತಿದ್ದಳು.

"ನಂಗೆ ಗೊತ್ತಿತ್ತು," ಎಂದ ಲ್ಯಾಂಡರ್. "ಫೆಬ್ರವರೀಲೇ. ನಿಮ್ಮ ಸೂಪಿನ ಫ್ಲಾಸ್ಕ್ ತೆಗೆದು ನೋಡಿದೆ. ಒಳಗೆ ಮದ್ದಿನ ಶೀಶೆ ಇತ್ತು."

"ಸೂಪಾ?" ಅವಳು ತಿರುಗಿದಳು. "ನಾನು ಯಾವತ್ತೋ ಸೂಪು ಕೊಟ್ಟು ಕಳಿಸಿದ್ದು? ಅವನು ನನ್ನ ಸೂಪು ಮುಟ್ಟಿದೋನೇ ಅಲ್ವಲ್ಲೋ!"

ಎಣ್ಣೆ ಚುರುಗುಟ್ಟುತ್ತಿತ್ತು. ಅವಳು ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಕೂಗುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದ ಲ್ಯಾಂಡರ್. ಅವಳು ಹಾಗೆ ಮಾಡಲಿಲ್ಲ.

"ಫೆಬ್ರವರಿ," ಎಂದಳು. "ಅವತ್ತೇ ಅವನ ಕಪಾಳಕ್ಕೆ ಎರಡು ಬಾರಿಸಿದ್ರೆ, ಇಲ್ಲಾ ನಂಗೊಂದು ಫೋನ್ ಮಾಡಿದ್ರೆ, ಶೀಶೆ ಚರಂಡಿಗೆ ಹೋಗ್ತಿತ್ತು. ನನ್ನ ಮಗ ಇವತ್ತು ಕೆಳಗೆ ನಿಮ್ಮ ಜೊತೆ ಕೂತಿರ್ತಿದ್ದ. ಯಾಕೋ ಹೇಳಲಿಲ್ಲ?"

"ಅವನಿಗೆ ಒಳ್ಳೇದಾಗ್ಲಿ ಅಂತ..." ಎಂದು ಶುರು ಮಾಡಿ ಲ್ಯಾಂಡರ್ ನಿಲ್ಲಿಸಿದ. ಆ ಮಾತು ಅವನಿಗೇ ಅಸಹ್ಯವಾಯಿತು. "ಅಲ್ಲ. ಅವನು ಚೆನ್ನಾಗಿ ಓಡಿಸ್ತಿದ್ದ. ನಂಗೆ ಬೇಕಾಗಿತ್ತು."

ಗೋಡೆಲೀವ ಆಲೂಗಡ್ಡೆಯ ಜಾಲರಿ ಎತ್ತಿ ಕೊಡವಿದಳು. "ಮೇಲೆ ಹೋಗು. ನಂಗೆ ಹೇಳಿದ್ದನ್ನ ಅವನಿಗೂ ಹೇಳು. ಅದನ್ನೂ ನಾನೇ ಮಾಡಕ್ಕಾಗಲ್ಲ."

ಮೇಲಿನ ಕೋಣೆಯಲ್ಲಿ ವಾನಸ್ ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು.

"ಅಮ್ಮನಿಗೆ ಹೇಳಿಬಿಟ್ಟೆ," ಎಂದ ಲ್ಯಾಂಡರ್. "ಸ್ಪೇನಲ್ಲಿ ನಿನ್ನ ಫ್ಲಾಸ್ಕ್ ನೋಡಿದ್ದೆ ಅಂತ."

"ಗೊತ್ತು."

"ಏನು ಗೊತ್ತು?"

"ನೀನು ನೋಡಿದ್ದು." ವಾನಸ್ ಬಲಮಣಿಕಟ್ಟನ್ನು ಎಡಗೈಯಿಂದ ತಿಕ್ಕಿಕೊಂಡ. "ಸ್ನಾನ ಮುಗಿಸಿ ಬಂದು ಮುಚ್ಚಳ ತಿರುಗಿಸಿದೆ, ಜಪ್ಪಯ್ಯ ಅಂದ್ರೂ ಬರ್ಲಿಲ್ಲ. ಅಷ್ಟು ಬಿಗಿಯಾಗಿ ನನ್ನ ಕೈಲಿ ಮುಚ್ಚಕ್ಕಾಗುತ್ತೇನೋ? ಎರಡು ದಿನ ಕಾದೆ ಕಣೋ. ಬೈತೀಯ, ಬಿಡಿಸ್ತೀಯ, ಮ್ಯಾನೇಜರ್‌ಗಾದ್ರೂ ಹೇಳ್ತೀಯ ಅಂತ. ನೀನು ಅಂದಿದ್ದು ಕಿಟಕಿ ಹಾಕ್ಲಾ ಅನ್ನೋದೊಂದೇ. ಸರಿ, ಇವನಿಗೂ ಒಪ್ಪಿಗೆ ಅಂದ್ಕೊಂಡೆ."

ಕೆಳಗೆ ಆಖೀಲ್ ಚಮಚದಿಂದ ಲೋಟ ಬಡಿಯುತ್ತಿದ್ದ. "ಲ್ಯಾಂಡರ್! ಎಲ್ಲಿ ಹೋದ್ಯಪ್ಪ ಭಾಷಣಕಾರ?"

"ಬರ್ತೀಯಾ?" ಎಂದು ಲ್ಯಾಂಡರ್ ಕೇಳಿದ.

"ನೀನು ಹೋಗು. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ತೀನಿ."

ಲ್ಯಾಂಡರ್ ಇಳಿದು ಬಂದ. ಏಪ್ರಿಲ್‌ನ ಫೋಟೋವನ್ನು ಮೊಳೆಯಿಂದ ಬಿಡಿಸಿ, ಗಾಜು ಮೇಲಾಗಿ ಮೇಜಿನ ಮೇಲೆ ಖಾಲಿ ತಟ್ಟೆಗಳ ನಡುವೆ ಇಟ್ಟ. ಜನ ಇದೇನೋ ತಮಾಷೆ ಎಂದು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಗೋಡೆಲೀವ ಬಂದು ನಿಂತಳು. ಫೋನುಗಳು ಎದ್ದವು.

"ಫೆಬ್ರವರೀಲಿ ನಾನೊಂದು ಫ್ಲಾಸ್ಕ್ ತೆಗೆದು ನೋಡಿದೆ," ಎಂದು ಲ್ಯಾಂಡರ್ ಶುರು ಮಾಡಿದ.