ಡೀಕನ್ ಲೂಷಿಯಸ್‌ಗೆ ನೆರಳು ಸಿಗದ ಭಾನುವಾರ

ಅಟ್ಲಾಂಟಾದ ಮೌಂಟ್ ನೀಬೋ ಚರ್ಚಿನಲ್ಲಿ ದೇವರ ಕೃಪೆಗೆ ಕೊರತೆಯಿರಲಿಲ್ಲ, ಹಾಡುವ ಕಂಠಗಳಿಗೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಕಾರು ನಿಲ್ಲಿಸುವ ಜಾಗಕ್ಕೆ. ಪ್ರತಿ ಭಾನುವಾರ ಪ್ರಾರ್ಥನೆಗೆ ಮುಂಚೆ ಅಂಗಳದಲ್ಲಿ ಒಂದು ಸಣ್ಣ ಯುದ್ಧವೇ ನಡೆಯುತ್ತಿತ್ತು. ಬಾಯಲ್ಲಿ ಸ್ತೋತ್ರ, ಕೈ ಹಾರ್ನಿನ ಮೇಲೆ.

ಚರ್ಚಿನ ಕೆಲಸಕಾರ್ಯ ನೋಡಿಕೊಳ್ಳುವ ಹಿರಿಯ ಡೀಕನ್ ಲೂಷಿಯಸ್ ಟಾಲಿವರ್ ಇದಕ್ಕೊಂದು ಪರಿಹಾರ ಹುಡುಕಿದ್ದ. ಚರ್ಚಿನ ಹಿಂದೆ ಚರ್ಚಿಗೇ ಸೇರಿದ ಕಾಡಿತ್ತು. ಊರು ಸುತ್ತಲೂ ಬೆಳೆದರೂ ಅದು ಮಾತ್ರ ಹಾಗೇ ಉಳಿದಿತ್ತು. ಅದನ್ನು ಕಡಿದು ಡಾಂಬರು ಹಾಕಿಸಿದರೆ ಆಯಿತಲ್ಲ! ಪರವೂರು ಸೇರಿದ ಸದಸ್ಯರೆಲ್ಲ ಮರಳಿ ಬಂದು ಒಟ್ಟಿಗೆ ಉಣ್ಣುವ ಆಗಸ್ಟಿನ ಭಾನುವಾರ, ಊಟದ ಮೇಲೆ ಎಲ್ಲರ ಕೈ ಎತ್ತಿಸಿ ತೀರ್ಮಾನಿಸುವುದೆಂದಾಯಿತು. ಡೀಕನ್ ಹೇಳಿದ ಮೇಲೆ ಕೈ ಎತ್ತದವರು ಅಲ್ಲಿ ಕಡಿಮೆ.

ಒಬ್ಬಳಿದ್ದಳು. ಡೀಕನ್ನನ ಪಕ್ಕದ ಮನೆಯ ಒಡೆಸ್ಸಾ ಪ್ರೂಯಿಟ್. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು, ಚಿಕ್ಕಂದಿನಿಂದ ಡೀಕನ್ನನ ಜೊತೆ ಆಡಿ ಜಗಳವಾಡಿದವಳು. ಆ ಭಾನುವಾರದ ಹಿಂದಿನ ದಿನ ಬೆಳಿಗ್ಗೆ ಅವನ ವರಾಂಡಕ್ಕೆ ಬಂದು ಕೂತಳು.

"ಏನೋ ಲೂಷಿಯಸ್, ಕಾಡು ಕಡಿಸ್ತೀಯಂತೆ?"

"ಅದೂ ಒಂದು ಕಾಡೇ? ಕಸದ ಕೊಂಪೆ! ಹಾವು, ಸೊಳ್ಳೆ. ಮೊನ್ನೆ ಗಾಳಿಗೆ ಕೊಂಬೆ ಬಿದ್ದು ಸಿಸ್ಟರ್ ಹ್ಯಾಟಿ ಕಾರಿನ ಗಾಜು ಪುಡಿಪುಡಿ ಆಯ್ತು. ಒಳಗೆ ಆಕೆ ಕೂತಿದ್ದಿದ್ರೆ ಏನು ಗತಿ?"

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು. ಕೊಂಬೆ ಯಾಕೆ ಬಿತ್ತು ಅಂತ ನೋಡಿದ್ಯಾ?"

"ಮರ ಅಂದ್ಮೇಲೆ ಬೀಳತ್ತೆ."

"ಎದ್ದೇಳು. ಟೋಪಿ ಹಾಕ್ಕೊಂಡು ಬಾ ನನ್ ಜೊತೆ."

ಒಳಗಿಂದ ಡೀಕನ್ನನ ಹೆಂಡತಿ ವರ್ನೆಲ್ ಕೂಗಿದಳು: "ಕರ್ಕೊಂಡ್ಹೋಗೇ ಮಾರಾಯ್ತಿ! ನಾಳೆಗೆ ಪುಡ್ಡಿಂಗ್ ಆದ್ರೂ ಮಾಡ್ಕೋತೀನಿ."

ಕಾಡಿನೊಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು ತಗುಲಿತು. ಬೀದಿಯ ಸದ್ದು ಹಿಂದೆ ಉಳಿಯಿತು. ನಡುವೆ ಒಂದು ಮುದಿ ಓಕ್ ಮರ. ಡೀಕನ್ ಎಷ್ಟೋ ವರ್ಷಗಳಿಂದ ಅದರ ಹತ್ತಿರ ಬಂದಿರಲಿಲ್ಲ. ತಲೆ ಎತ್ತಿ ನೋಡಿದ, ನೋಡುತ್ತಲೇ ನಿಂತ. ಎಂಥ ಮರ! ಚರ್ಚಿನೊಳಗೆ ತೆಗೆಯುವಂತೆ ಅವನ ಕೈ ತಾನಾಗಿಯೇ ಟೋಪಿ ತೆಗೆದಿತ್ತು. ಒಡೆಸ್ಸಾ ಅದನ್ನು ಕಂಡು, ಮರದ ಬುಡಕ್ಕೆ ಕೈ ತೋರಿಸಿದಳು.

ಮರದ ಬುಡದಿಂದ ಕುತ್ತಿಗೆಯವರೆಗೂ ಐವಿ ಬಳ್ಳಿ ದಟ್ಟವಾಗಿ ಹಬ್ಬಿತ್ತು.

"ಅಂಚಿನ ಮರದ ಕೊಂಬೆ ಬೀಳಿಸಿದ್ದೂ ಇದೇ ಬಳ್ಳಿ ನೋಡು," ಅಂದಳು. "ಇದು ಈ ಕಾಡಿನ ಬಳ್ಳಿ ಅಲ್ಲ. ಚರ್ಚಿನ ಮುಂದೆ ಚೆಂದಕ್ಕೆ ಅಂತ ನಾವೇ ನೆಟ್ವಿ. ಕತ್ತರಿಸಿದ್ದನ್ನೆಲ್ಲ ತಂದು ಇಲ್ಲಿ ಎಸೆದ್ವಿ. ಎಲೆ ತಾನೇ, ಕೊಳೆಯತ್ತೆ ಅಂದ್ಕೊಂಡ್ವಿ. ಬೇರು ಬಿಟ್ಟು ಮರ ಹತ್ತಿತು. ಚಳಿಗಾಲಕ್ಕೆ ಓಕ್ ಎಲೆ ಉದುರಿಸಿ ಹಗುರಾದ್ರೂ ಇದು ಉದುರಿಸಲ್ಲ. ಈ ಭಾರ ಹೊತ್ಕೊಂಡು ಬಿರುಗಾಳಿಗೆ ಹೇಗೆ ನಿಲ್ಲಬೇಕು ಪಾಪ?"

ಡೀಕನ್ ಎರಡೂ ಕೈಯಲ್ಲಿ ಬಳ್ಳಿ ಹಿಡಿದು ಜಗ್ಗಲು ಹೋದ.

"ಬಿಡೋ! ಜಗ್ಗಿದ್ರೆ ಒಣಕೊಂಬೆ ತಲೆ ಮೇಲೇ ಬಿದ್ದೀತು. ಸೊಂಟದೆತ್ತರಕ್ಕೆ ಸುತ್ತಲೂ ಕತ್ತರಿಸ್ಬೇಕು, ಬುಡದ ಹತ್ರ ಇನ್ನೊಂದು ಸುತ್ತು. ನಡುವಿನದನ್ನ ತೊಗಟೆಗೆ ಗಾಯ ಆಗದ ಹಾಗೆ ಬಿಡಿಸಿ ತೆಗಿ. ಮೇಲಿಂದು ತಾನಾಗೇ ಒಣಗತ್ತೆ. ಆ ಕಡೆ ಕೂದಲು ಕೂದಲಾಗಿ, ಮೂರ್‌ಮೂರು ಎಲೆ ಬಿಟ್ಟಿದೆಯಲ್ಲ, ಅದು ಬೇರೆ, ವಿಷದ ಬಳ್ಳಿ, ಅದನ್ನ ಮಾತ್ರ ಮುಟ್ಬೇಡ. ವಾರಗಟ್ಟಲೆ ಮೈ ಪರಚ್ಕೋತೀಯ. ಗವಸು ಬೇಕು, ತುಂಬು ತೋಳಿನ ಅಂಗಿ ಬೇಕು, ಬಲ್ಲವರೊಬ್ರು ಜೊತೆಗಿರ್ಬೇಕು."

"ಮರ ಚೆನ್ನಾಗಿದೆ, ಒಪ್ಪಿದೆ," ಅಂದ ಡೀಕನ್. "ಆದ್ರೆ ಕಾರನ್ನ ಮರದ ಮೇಲೆ ಹತ್ತಿಸಕ್ಕಾಗತ್ತಾ?"

"ನಾಳೆ ಒಂದಿನ ಎಲ್ಲರ ಹಾಗೆ ತಡವಾಗಿ ಬಾ."

"ಯಾಕೆ?"

"ಬಾ ಅಂದ್ರೆ ಬಾ."

ಡೀಕನ್ ಎಲ್ಲರಿಗಿಂತ ಮುಂಚೆ ಚರ್ಚಿಗೆ ಹೋಗುವವನು. ಭಕ್ತಿಗೆ ಅಂತಲೇ ಎಲ್ಲರೂ ತಿಳಿದಿದ್ದರು. ಆ ಭಾನುವಾರ ಗಂಟೆ ಹೊಡೆಯುವ ಹೊತ್ತಿಗೆ ಬಂದ. ಪಕ್ಕದಲ್ಲಿ ವರ್ನೆಲ್, ಅವಳ ತೊಡೆಯ ಮೇಲೆ ಬಾಳೆಹಣ್ಣಿನ ಪುಡ್ಡಿಂಗ್. ಕಾರು ಅಂಗಳವನ್ನು ಎರಡು ಸಲ ಸುತ್ತಿತು.

"ನೋಡಿದ್ಯಾ, ಒಂದಾದ್ರೂ ಜಾಗ ಇದೆಯಾ? ಅದಕ್ಕೇ ನಾನು ಬಡ್ಕೊಳ್ಳೋದು!"

"ಅಲ್ಲೆಲ್ಲ ಖಾಲಿ ಇದೆಯಲ್ಲ," ವರ್ನೆಲ್ ಮುಂದಿನ ಭಾಗಕ್ಕೆ ಕೈ ತೋರಿಸಿದಳು.

"ಆ ಬಿಸಿಲಲ್ಲಾ? ಕಾರು ಕಾದ ಹಂಚಾಗತ್ತೆ! ನಿನ್ ಪುಡ್ಡಿಂಗ್ ಗಂಜಿಯಾಗತ್ತೆ!"

"ಹಾಗಾದ್ರೆ ಇಷ್ಟು ವರ್ಷ ಎಲ್ಲಿ ನಿಲ್ಲಿಸ್ತಿದ್ದೆ?"

ಡೀಕನ್ ಕಾಡಿನಂಚಿನ ಕಡೆ ತಿರುಗಿ ನೋಡಿದ. ಮೆಲ್ಲಗೆ ಹೇಳಿದ: "ಮರದ ಕೆಳಗೆ."

ಈಗ ಅಂಗಳ ಅವನ ಕಣ್ಣಿಗೆ ಬಿತ್ತು. ಕೋಳಿಯ ರೆಕ್ಕೆಯಡಿಗೆ ಮರಿಗಳು ನುಗ್ಗುವ ಹಾಗೆ ಕಾರುಗಳೆಲ್ಲ ಕಾಡಿನಂಚಿಗೆ ನುಗ್ಗಿದ್ದವು. ಜನ ದೂರದ ಬೀದಿಯ ನೆರಳಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದರೇ ಹೊರತು ಬಿಸಿಲಿನ ಕಡೆ ಒಬ್ಬರೂ ಸುಳಿದಿರಲಿಲ್ಲ. ಡೀಕನ್ ಆ ಬಿಸಿಲಲ್ಲೇ ಕಾರು ನಿಲ್ಲಿಸಿದ. ಬೇರೆ ದಾರಿಯಿರಲಿಲ್ಲ.

ಪ್ರಾರ್ಥನೆ ಮುಗಿಯಿತು. ಡಾಂಬರಿನ ಮೇಲೆ ಡೇರೆ ಹಾಕಿ ಮೇಜು ಜೋಡಿಸಿದ್ದರು. ಅಜ್ಜಿಯರು ಬೀಸಣಿಗೆ ಹಿಡಿದು ಸೋತಿದ್ದರು. ಡೀಕನ್ ಕೋಟು ಬಿಚ್ಚಿ ಗುಡುಗಿದ: "ಎತ್ರೋ ಮೇಜು! ಮರದ ಕೆಳಗೆ ತನ್ನಿ!"

ಹುರಿದ ಕೋಳಿ, ಗೆಣಸಿನ ಪೈ, ಸೊಪ್ಪಿನ ಪಲ್ಯ ಎಲ್ಲ ಓಕ್ ಮರದಡಿ ಬಂದವು. ಉಂಡವರು ಏಳಲೇ ಇಲ್ಲ. ಯಾರೋ ಹಾಡು ತೆಗೆದರು, ಯಾವುದೋ ಹಕ್ಕಿ ಮೇಲಿನಿಂದ ದನಿಗೂಡಿಸಿತು. ಡೀಕನ್ ಎದ್ದು ನಿಂತ.

"ನಮ್ಗೆ ಕಾರಿನ ಜಾಗ ಕಡಿಮೆ ಇಲ್ಲ. ನೆರಳು ಕಡಿಮೆ ಇದೆ. ಇರೋದನ್ನೂ ಕಡಿಸಕ್ಕೆ ಹೊರಟಿದ್ದೆ ನಾನು, ಕೂತ ಕೊಂಬೆಗೇ ಕೊಡಲಿ ಹಾಕೋ ಬುದ್ಧಿವಂತ. ಈ ಕಾಡು ಉಳೀಲಿ ಅನ್ನೋರು ಕೈ ಎತ್ತಿ."

ಕೋಳಿಕಾಲು ಹಿಡಿದ ಕೈಗಳೂ ಮೇಲೆದ್ದವು.

"ಸಂತೋಷ," ಅಂದಳು ಒಡೆಸ್ಸಾ. "ಶನಿವಾರ ಅದೇ ಕೈಗೆ ಗವಸು ಹಾಕ್ಕೊಂಡು ಬನ್ನಿ."

ಬಂದರು. ಕಸ ಹೆಕ್ಕಿದರು, ಐವಿ ಕತ್ತರಿಸಿದರು, ಒಣಕೊಂಬೆಗಳನ್ನು ಬಲ್ಲವರಿಂದ ಇಳಿಸಿದರು. ಕಂಡಕಂಡಲ್ಲಿ ತುಳಿಯದಂತೆ ಒಂದೇ ಕಾಲುದಾರಿ ಮಾಡಿ ಅದರಂಚಿಗೆ ಬೆಂಚು ಇಟ್ಟರು. ಹಾಡಿನ ತಂಡದ ಸಂಜೆ ಅಭ್ಯಾಸ ಈಗ ಅಲ್ಲೇ. ಬಿಸಿಲಿನ ಅಂಗಳದಲ್ಲಿ ಓಕ್ ಸಸಿಗಳು ನಿಂತಿವೆ. ಡೀಕನ್ ತನ್ನ ನೆರಳಿನ ಜಾಗವನ್ನು ಸಿಸ್ಟರ್ ಹ್ಯಾಟಿಗೆ ಬಿಟ್ಟುಕೊಟ್ಟು, ಗೊಣಗುತ್ತಲೇ ಒಂದು ಸಸಿಯ ಪಕ್ಕ ಕಾರು ನಿಲ್ಲಿಸುತ್ತಾನೆ. ಇಳಿದವನೇ ಮೊದಲು ಅದಕ್ಕೆ ನೀರು ಹಾಕುತ್ತಾನೆ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಯ ಹಿಂದೆಯೂ ಇಂಥದೊಂದು ಮರಗಳ ಗುಂಪು ಇರಬಹುದು. ಕೈತೋಟದ ಕಸ ಅಲ್ಲಿಗೆ ಎಸೆಯಬೇಡಿ. ಮರದ ಕತ್ತು ಹಿಸುಕುವ ಬಳ್ಳಿ ಕಂಡರೆ ಬಲ್ಲವರನ್ನು ಕರೆಯಿರಿ. ಬುತ್ತಿ ಕಟ್ಟಿಕೊಂಡು ಹೋಗಿ ಒಂದು ದಿನ ಅಲ್ಲೇ ಉಣ್ಣಿ. ಅದನ್ನು ಕಡಿಯೋಣ ಎಂದು ಯಾರಾದರೂ ಹೇಳಿದರೆ ಜಗಳವಾಡಬೇಡಿ. ನಡುಮಧ್ಯಾಹ್ನ ಬಿಸಿಲಲ್ಲಿ ನಿಂತ ಅವರದೇ ಕಾರಿನ ಬಾಗಿಲಿಗೆ ಒಮ್ಮೆ ಕೈ ಇಡಲು ಹೇಳಿ.